ಮಾವನ ಲಿಂಫೋಮಾ ಮರುಕಳಿಸಿದೆ, ಕಾರ್-ಟಿ ಚಿಕಿತ್ಸೆಗೆ ತೋಟ ಮಾರಬೇಕಾ?

ಮಾವನ ಬಿ-ಸೆಲ್ ಲಿಂಫೋಮಾ (ಬಿ-ಕಣ ಅನ್ನುವ ಬಿಳಿ ರಕ್ತಕಣಗಳ ಕ್ಯಾನ್ಸರ್) ಕೀಮೋ ಆದ ಮೇಲೂ ತಿರುಗಿ ಬಂದಿದೆ, ಕಾರ್-ಟಿ ಮಾಡಿಸಲು ಕಾಸರಗೋಡಿನ ಪೆರ್ಲದ ಅಡಿಕೆ ತೋಟ ಮಾರಬೇಕಾ ಅಂತ ಕೇಳಿದ್ದೀರಿ. ನಾನು ಬದಿಯಡ್ಕದವಳು, ರಕ್ತ ಕ್ಯಾನ್ಸರ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ತೋಟಕ್ಕೆ ಅಡ್ವಾನ್ಸ್ ತಗೊಳ್ಳುವ ಮೊದಲು ಬಯಾಪ್ಸಿ ರಿಪೋರ್ಟ್ ತೆಗೆದು ನೋಡಿ. ಅದರಲ್ಲಿ ಸಿಡಿ19 ಪಾಸಿಟಿವ್ ಅಂತ ಇದೆಯಾ? ಸಿಡಿ19 ಅಂದರೆ ಬಿ-ಕಣಗಳ ಮೇಲ್ಮೈಯಲ್ಲಿರುವ ಒಂದು ಪ್ರೋಟೀನ್, ಕಾರ್-ಟಿ ಗುರಿಯಿಡುವುದು ಅದಕ್ಕೇ.

ಕಾರ್-ಟಿಯಲ್ಲಿ ಮಾವನ ರಕ್ತದಿಂದಲೇ ಟಿ-ಕಣಗಳನ್ನು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಮೆಷಿನ್‌ನಲ್ಲಿ ಬೇರ್ಪಡಿಸುತ್ತಾರೆ. ಲ್ಯಾಬಿನಲ್ಲಿ, ಮಾರ್ಪಡಿಸಿದ ವೈರಸ್ ಮೂಲಕ ಅವಕ್ಕೆ ಹೊಸ ಜೀನ್ ಸೇರಿಸುತ್ತಾರೆ. ಆಮೇಲೆ ಅವು ಸಿಡಿ19 ಇರುವ ಕಣಗಳನ್ನು ಹುಡುಕಿ ಕೊಲ್ಲುತ್ತವೆ. ಒಳ್ಳೆಯ ಬಿ-ಕಣಗಳ ಮೇಲೂ ಸಿಡಿ19 ಇದೆ, ಅವೂ ಹೋಗುತ್ತವೆ. ಹಾಗಾಗಿ ತಿಂಗಳುಗಟ್ಟಲೆ ಸೋಂಕಿನ ಭಯ ಜಾಸ್ತಿ. ಹೊಟ್ಟೆ, ಶ್ವಾಸಕೋಶದ ಕ್ಯಾನ್ಸರಿಗೂ ಇದೇ ಸಾಕು ಅಂತ ವಾಟ್ಸಾಪಲ್ಲಿ ಬರುವುದನ್ನು ದಯವಿಟ್ಟು ನಂಬಬೇಡಿ.

ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಅನ್ನುವ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. ಅಮೆರಿಕದಲ್ಲಿ 3-4 ಕೋಟಿ ಆಗುವುದು ಇಲ್ಲಿ ಆಗ ಸುಮಾರು 40 ಲಕ್ಷದ ಆಸುಪಾಸು ಇತ್ತು. ಈಗ ಎಷ್ಟು, ಆಸ್ಪತ್ರೆಯ ಖರ್ಚು ಅದರಲ್ಲಿ ಸೇರಿದೆಯಾ ಅಂತ ಬರಹದಲ್ಲಿ ಕೇಳಿ. ಇದರ ಪ್ರಯೋಗದಲ್ಲಿ 73% ರೋಗಿಗಳಲ್ಲಿ ಕ್ಯಾನ್ಸರ್ ಕುಗ್ಗಿತು. ಕುಗ್ಗಿದ್ದೆಲ್ಲ ವಾಸಿ ಅಂತಲ್ಲ, ಕೆಲವರಲ್ಲಿ ಮತ್ತೆ ಬರುತ್ತದೆ. ನಮ್ಮ ಕಡೆಗೆ ಹತ್ತಿರ ಅಂದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ ಇದನ್ನು ಮಾಡಿದ್ದಾರೆ. ಸರ್ಕಾರಿ ಸಂಸ್ಥೆ, ಮೊದಲು ಅಲ್ಲಿ ವಿಚಾರಿಸಿ.

ಮಾರ್ಪಡಿಸಿದ ಕಣಗಳ ಚೀಲವನ್ನು ಮಾವನಿಗೆ ಏರಿಸುವ ಕೆಲಸ ಬೇಗ ಮುಗಿಯುತ್ತದೆ. ಕಷ್ಟ ಆಮೇಲಿನ ದಿನಗಳದ್ದು. ಜ್ವರ ಏರುತ್ತದೆ, ಬಿಪಿ ಇಳಿಯಬಹುದು. ಅದಕ್ಕೆ ಟೋಸಿಲಿಜುಮಾಬ್ ಅನ್ನುವ ಇಂಜೆಕ್ಷನ್ ಇದೆ. ಕೆಲವರಿಗೆ ಮೆದುಳಿನ ಮೇಲೂ ಪರಿಣಾಮ ಆಗುತ್ತದೆ. ಅದನ್ನು ಬೇಗ ಹಿಡಿಯಲು ದಿನಾ ಹಾಳೆ ಕೊಟ್ಟು ಒಂದು ವಾಕ್ಯ ಬರೆಸುತ್ತೇವೆ. ನಿನ್ನೆ ನೇರ ಇದ್ದ ಸಾಲು ಇವತ್ತು ಓರೆಯಾಗಿ, ಅಕ್ಷರ ಒಂದರ ಮೇಲೊಂದು ಬಿದ್ದರೆ ಕೂಡಲೇ ಡಾಕ್ಟರನ್ನು ಕರೆಯುತ್ತೇವೆ. ಮಾವ ಕನ್ನಡದಲ್ಲೇ ಬರೆಯುವವರಾದರೆ ಮಲಯಾಳಂ ಮಾತಾಡುವ ಸಿಸ್ಟರ್‌ಗಳಿಗೆ ಮೊದಲೇ ಹೇಳಿ. ಶುರುವಿನ ದಿನದ ಬರಹ ಅವರ ಹತ್ತಿರ ಇದ್ದರೆ ಭಾಷೆ ಬಾರದಿದ್ದರೂ ವ್ಯತ್ಯಾಸ ಕಾಣುತ್ತದೆ.

ಡಿಸ್ಚಾರ್ಜ್ ಆದ ಮೇಲೂ ಕೆಲವು ವಾರ ಆಸ್ಪತ್ರೆ ಹತ್ತಿರವೇ ರೂಮ್ ಮಾಡಿಕೊಂಡು ಇರಬೇಕು. ರಾತ್ರಿ ಜ್ವರ ಬಂದರೆ ಪೆರ್ಲದಿಂದ ಗಾಡಿ ಮಾಡಿಕೊಂಡು ಹೋಗೋಣ ಅನ್ನುವ ಲೆಕ್ಕಾಚಾರ ಬೇಡ. ಜೊತೆಗೆ ಒಬ್ಬರು ಸದಾ ಇರಬೇಕು, ಅತ್ತೆಯೊಬ್ಬರಿಂದಲೇ ಆಗದು.

ಸಿಡಿ19 ಇದ್ದು, ಹೃದಯ, ಕಿಡ್ನಿ ತಡೆದುಕೊಳ್ಳುತ್ತವೆ ಅಂತ ಡಾಕ್ಟರ್ ಹೇಳಿದರೆ ಮಾತ್ರ ದುಡ್ಡಿನ ಯೋಚನೆಗೆ ಇಳಿಯಿರಿ. ರಿಪೋರ್ಟ್ ಅರ್ಥವಾಗದಿದ್ದರೆ ಹೆಸರು ಮುಚ್ಚಿ ಇಲ್ಲಿ ಹಾಕಿ, ಡಾಕ್ಟರ್ ಹತ್ತಿರ ಏನೇನು ಕೇಳಬೇಕು ಅಂತ ಬರೆದುಕೊಡುತ್ತೇನೆ.