ಅಮ್ಮ ಸಹಿ ಹಾಕಬಲ್ಲರು ಎನ್ನುವಾಗಲೇ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: 'ತಾಯಿಗೆ 74. ಮರೆವಿನ ಕಾಯಿಲೆ ಶುರುವಾಗಿದೆ ಎಂದಿದ್ದಾರೆ ಡಾಕ್ಟರು. ನೋಡಿಕೊಳ್ಳುವವಳು ನಾನೊಬ್ಬಳೇ. ಜಿಪಿಎ (ಅಮ್ಮನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಜನರಲ್ ಪವರ್ ಆಫ್ ಅಟಾರ್ನಿ) ಮಾಡಿಸಿಟ್ಟುಕೋ, ಮುಂದೆ ಎಲ್ಲಕ್ಕೂ ಆಗುತ್ತದೆ ಎನ್ನುತ್ತಾನೆ ಅಮೆರಿಕದಲ್ಲಿರುವ ಅಣ್ಣ. ಮನೆಯನ್ನು ನನ್ನ ಹೆಸರಿಗೆ ದಾನಪತ್ರ ಮಾಡಿಸುವ ಮಾತೂ ಇದೆ. ನನ್ನಂಥವರಿಗೆ ಸರ್ಕಾರದಿಂದ ಏನಾದರೂ ಸಿಗುತ್ತದೆಯೇ?'

ಸಂಪಾದಕರ ಉತ್ತರ:

ಜಿಪಿಎ ನಿಮಗೆ ಬೇಕಾಗುವುದು ಅಮ್ಮನಿಗೆ ತಿಳಿವಳಿಕೆ ತಪ್ಪಿದಾಗ. ಅದು ಬಿದ್ದುಹೋಗುವುದೂ ಆಗಲೇ. 1872ರ ಕರಾರು ಕಾಯ್ದೆಯ 201ನೇ ಕಲಂ ಹೇಳುವುದು ಇದನ್ನೇ. ಆಮೇಲೂ ಊರ್ಜಿತವಾಗಿರುವ ಪವರ್ ಆಫ್ ಅಟಾರ್ನಿ ಅಮೆರಿಕದಲ್ಲಿ ಉಂಟು, ಅಣ್ಣ ಅದನ್ನು ನೋಡಿ ಹೇಳಿರಬೇಕು. ಇಲ್ಲಿ ಉಳಿಯುವುದು ಪಾಲಕರನ್ನು ನೇಮಿಸಿ ಎಂದು ಕೋರ್ಟಿನ ಮೆಟ್ಟಿಲು ಹತ್ತುವ ದಾರಿ.

ಆದ್ದರಿಂದ ಆಗಬೇಕಾದ್ದು ಈಗಲೇ ಆಗಲಿ. ಬ್ಯಾಂಕ್ ಖಾತೆಗೆ 'ಐದರ್ ಆರ್ ಸರ್ವೈವರ್' (ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹರಿಸಬಹುದಾದ ಜಂಟಿ ಖಾತೆ) ಎಂದು ನಿಮ್ಮ ಹೆಸರು ಸೇರಿಸಿ. ಬರೀ ನಾಮಿನಿ ಆದರೆ ಅಮ್ಮ ಇರುವಷ್ಟು ದಿನ ಒಂದು ರೂಪಾಯಿಯನ್ನೂ ತೆಗೆಯಲಾರಿರಿ. ಕೊನೆಗಾಲದಲ್ಲಿ ವೆಂಟಿಲೇಟರ್ ಬೇಕೇ ಬೇಡವೇ ಎಂಬುದನ್ನು ಅಮ್ಮನೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಈ ಮುಂಗಡ ನಿರ್ದೇಶನಕ್ಕೆ 2023ರಿಂದ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು.

ಮನೆಯ ವಿಚಾರದಲ್ಲಿ ನನ್ನ ಒಲವು ದಾನಪತ್ರಕ್ಕಿಂತ ಉಯಿಲಿನ ಕಡೆಗೆ. ಉಯಿಲನ್ನು ಅಮ್ಮ ಬದಲಿಸಬಹುದು, ಮನೆಯೂ ಅವರದ್ದೇ ಆಗಿರುತ್ತದೆ. ಕಾಯಿಲೆಯ ಹೆಸರು ಬಿದ್ದ ಮಾತ್ರಕ್ಕೆ ಉಯಿಲು ಬರೆಯುವ ಹಕ್ಕು ಹೋಗದು, ಆದರೆ ನಾಳೆ ತಕರಾರು ಏಳುವುದು ಅಲ್ಲೇ. ಉಯಿಲು ಬರೆಯುವ ದಿನವೇ, ಅಮ್ಮನ ಬುದ್ಧಿ ಸ್ಥಿಮಿತದಲ್ಲಿದೆ ಎಂದು ವೈದ್ಯರ ಪ್ರಮಾಣಪತ್ರ ಪಡೆಯಿರಿ. ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರು ಸಾಕ್ಷಿಗಳಿರಲಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ದಾನಪತ್ರವೇ ಆಗಬೇಕೆಂದರೆ ಅಮ್ಮನನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದೊಳಗೇ ಬರೆಸಿ. ನಿಮ್ಮ ಮೇಲಿನ ಅನುಮಾನದಿಂದ ಹೇಳುತ್ತಿಲ್ಲ. ನೋಡಿಕೊಳ್ಳದಿದ್ದರೆ ದಾನವನ್ನು ರದ್ದು ಮಾಡಿಸಬಹುದೆಂಬ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂನ ರಕ್ಷಣೆ ನಿಂತಿರುವುದು ಆ ಷರತ್ತಿನ ಮೇಲೆ.

ಇನ್ನು ಸರ್ಕಾರ. ನಮ್ಮ ಯೋಜನೆಗಳು ಹೆಚ್ಚಾಗಿ ವೃದ್ಧರನ್ನು ಕಾಣುತ್ತವೆ, ಅವರ ಪಕ್ಕದಲ್ಲಿ ನಿದ್ದೆಗೆಟ್ಟು ಕೂತವರನ್ನಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ ಯೋಜನೆಯ ತಿಂಗಳಿಗೆ 1,200 ರೂಪಾಯಿ ಬೇರೆ ಪಿಂಚಣಿ ಇಲ್ಲದ ಬಡ ಹಿರಿಯರಿಗೆ. ಮಾಹಿತಿಗೆ, ಸಲಹೆಗೆ 14567 ಸಹಾಯವಾಣಿ ಇದೆ. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಮಕ್ಕಳಿಂದ ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಕೊಡಿಸಬಲ್ಲದು. ಅರ್ಜಿದಾರರು ಅಮ್ಮ, ಇಲ್ಲವೇ ಅವರು ಅಧಿಕಾರ ಕೊಟ್ಟವರು. ಕಾಯ್ದೆಯ ಲೆಕ್ಕದಲ್ಲಿ ಅಣ್ಣನೂ ನಿಮ್ಮಷ್ಟೇ ಹೊಣೆಗಾರ. ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳದಿರಲಿ. ಈ ಉತ್ತರವನ್ನು ಅಣ್ಣನಿಗೂ ಕಳುಹಿಸಿ, ರಾತ್ರಿಗೊಬ್ಬ ಹೋಂ ನರ್ಸ್ ಇಡಲು ತಿಂಗಳಿಗೆ ಎಷ್ಟಾಗುತ್ತದೆ ಎಂಬುದನ್ನೂ ಜೊತೆಗೆ ಬರೆಯಿರಿ.