ಸೊಂಟದ ನೋವಿಗೂ ಕೈಯ ಜೋಮಿಗೂ ನಂಟಿದೆಯೇ?

ಪ್ರಶ್ನೆ: ನನಗೆ 47 ವರ್ಷ. ನಮ್ಮದು ನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟ; ಕೆಲಸಕ್ಕೆ ಜನ ಸಿಗದ ಕಾರಣ ಚಿಗುರು ತೆಗೆಯುವುದರಿಂದ ಹಿಡಿದು ಕುಯ್ಲಿನವರೆಗೆ ಹೆಚ್ಚಿನದನ್ನು ನಾನೇ ಮಾಡುತ್ತೇನೆ. ಆರು ವರ್ಷಗಳಿಂದ ಸೊಂಟನೋವಿದೆ. ಎಂಆರ್‌ಐ ಮಾಡಿಸಿದಾಗ ಸೊಂಟದ ಕೆಳಭಾಗದ ಡಿಸ್ಕ್ ಉಬ್ಬಿದೆ ಎಂದರು. ಈ ಸಲದ ಕುಯ್ಲು ಮುಗಿದಂದಿನಿಂದ ಬಲಗೈ ಜೋಮು ಹಿಡಿಯುತ್ತಿದೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಎಚ್ಚರವಾಗುತ್ತದೆ. ಕೈ ಕೊಡವಿದರೆ ಸ್ವಲ್ಪ ಹಿತ. ನೂಪುಟ್ಟು (ಒತ್ತು ಶಾವಿಗೆ) ಒತ್ತಲು ಕೈಯಲ್ಲಿ ಬಲವೇ ಇಲ್ಲ. ಸೊಂಟದ ನರವೇ ಕೈಗೆ ಏರಿದೆ ಎಂದು ಉಳುಕು ತೆಗೆಯುವವರೊಬ್ಬರು ಸೊಂಟಕ್ಕೇ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಾರೆ. ಇದು ಸರಿಯೇ?
– ಓದುಗರೊಬ್ಬರು, ಸಿದ್ದಾಪುರ, ಕೊಡಗು

ಉತ್ತರ: ಸೊಂಟದ ನರ ಕೈಗೆ ಏರುವುದಿಲ್ಲ, ಏರಲು ಅದಕ್ಕೆ ದಾರಿಯೇ ಇಲ್ಲ. ಸೊಂಟದ ಮಟ್ಟದಲ್ಲಿ ಹೊರಬೀಳುವ ನರಗಳು ಪೃಷ್ಠ, ತೊಡೆ, ಕಾಲುಗಳತ್ತ ಇಳಿಯುತ್ತವೆ. ಕೈಯ ನರಗಳೆಲ್ಲ ಕತ್ತಿನಲ್ಲಿ ಮತ್ತು ಅದರ ಕೆಳಗೆ, ಎದೆಯ ಮೊದಲ ಕಶೇರುವಿನ (ಬೆನ್ನುಮೂಳೆಯ ಮಣಿಯ) ಬಳಿ ಹುಟ್ಟಿ ಭುಜದ ಮೂಲಕ ಬರುತ್ತವೆ. ಆದ್ದರಿಂದ ಸೊಂಟದ ಎಂಆರ್‌ಐ ನಿಮ್ಮ ಕೈಯ ಬಗ್ಗೆ ಏನನ್ನೂ ಹೇಳಲಾರದು, ಸೊಂಟ ತಿಕ್ಕಿಸಿಕೊಂಡರೆ ಕೈಯ ಜೋಮು ಹೋಗಲಾರದು.

ನೀವು ಬರೆಯದೆ ಬಿಟ್ಟ ವಿಷಯವೇ ಇಲ್ಲಿ ಮುಖ್ಯ: ಜೋಮು ಯಾವ ಬೆರಳುಗಳಲ್ಲಿದೆ? ಮಣಿಕಟ್ಟಿನ ಅಂಗೈ ಬದಿಯಲ್ಲಿ ಮೂಳೆಗಳ ಕಮಾನು ಮತ್ತು ಅದರ ಮೇಲೆ ಬಿಗಿದ ದಪ್ಪ ಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ಓಣಿಯಿದೆ. ಬೆರಳುಗಳನ್ನು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ಒಂದು ನರವೂ ಅದರೊಳಗೇ ಹಾಯಬೇಕು. ರಜ್ಜುಗಳ ಹೊದಿಕೆ ಊದಿಕೊಂಡರೆ ಅಮುಕಿಹೋಗುವುದು ಮೆತ್ತಗಿರುವ ಆ ನರ. ಇದೇ ಕಾರ್ಪಲ್ ಟನಲ್ ಸಿಂಡ್ರೋಮ್. ಈ ನರದ ಪಾಲಿಗೆ ಸೇರಿದ್ದು ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ. ಕಿರುಬೆರಳಿಗೆ ಅದು ಹೋಗುವುದಿಲ್ಲ. ನಿದ್ದೆಯಲ್ಲಿ ಮಣಿಕಟ್ಟು ನಮಗರಿವಿಲ್ಲದೆ ಮಡಚಿಕೊಂಡು ಓಣಿ ಇನ್ನಷ್ಟು ಬಿಗಿಯುತ್ತದೆ. ನಡುರಾತ್ರಿ ಎಚ್ಚರವಾಗುವುದು, ಕೈ ಕೊಡವಿದರೆ ಹಿತವೆನಿಸುವುದು ಈ ತೊಂದರೆಯ ದೊಡ್ಡ ಗುರುತು, ಮತ್ತು ನಿಮ್ಮ ಪತ್ರ ಓದಿದೊಡನೆ ನನ್ನ ಅನುಮಾನ ಅತ್ತ ಹೋದದ್ದೂ ಅದರಿಂದಲೇ.

ಆದರೂ ಕತ್ತನ್ನು ಮರೆಯುವಂತಿಲ್ಲ. ಕತ್ತಿನ ಡಿಸ್ಕ್ ಆರನೆಯ ಅಥವಾ ಏಳನೆಯ ನರಬೇರನ್ನು (ಬೆನ್ನುಹುರಿಯಿಂದ ನರ ಹೊರಡುವ ಬುಡವನ್ನು) ಒತ್ತಿದಾಗಲೂ ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಜೋಮು ಬರಬಹುದು. ಆದರೆ ಆಗ ನೋವು ಸಾಮಾನ್ಯವಾಗಿ ಭುಜದಿಂದ ಕೆಳಕ್ಕೆ ಹರಿಯುತ್ತದೆ, ಕತ್ತು ತಿರುಗಿಸಿದರೆ ಹೆಚ್ಚಾಗುತ್ತದೆ. ಎರಡೂ ಒಟ್ಟಿಗೆ ಇರಬಹುದು. ಕತ್ತಿನಲ್ಲಿ ಒತ್ತಡಕ್ಕೆ ಸಿಕ್ಕಿದ ನರ ಮಣಿಕಟ್ಟಿನ ಸಣ್ಣ ಒತ್ತಡಕ್ಕೂ ಬೇಗ ಸೋಲುತ್ತದೆ ಎಂಬ ವಾದವನ್ನು ಅಪ್ಟನ್ ಮತ್ತು ಮೆಕೋಮಾಸ್ ಎಂಬ ವೈದ್ಯರು 1973ರಲ್ಲಿ ಮುಂದಿಟ್ಟರು. ಅದನ್ನು ವೈದ್ಯರೆಲ್ಲರೂ ಇಂದಿಗೂ ಒಪ್ಪಿಲ್ಲ. ಆ ವಾದದಲ್ಲಿಯೂ ಬರುವುದು ಕತ್ತು, ಸೊಂಟವಲ್ಲ.

ಹಾಗಾದರೆ ಸೊಂಟನೋವು, ಕೈಯ ಜೋಮು ಎರಡೂ ನಿಮ್ಮೊಬ್ಬರಿಗೇ ಏಕೆ ಬಂದವು? ಬಗ್ಗಿ ಹಣ್ಣು ಆಯುವುದು, ಚೀಲ ಎತ್ತುವುದು ಸೊಂಟಕ್ಕೆ ಭಾರ. ದಿನವಿಡೀ ಗಿಡದ ರೆಕ್ಕೆ (ಕೊಂಬೆ) ಹಿಡಿದು ಗೊಂಚಲು ಗೊಂಚಲಾಗಿ ಹಣ್ಣು ಕೀಳುವುದು, ಕತ್ತಿ ಬಿಗಿಹಿಡಿಯುವುದು, ನಡುಗುವ ವೀಡ್ ಕಟರ್ ಹಿಡಿದು ನಡೆಯುವುದು ಮಣಿಕಟ್ಟಿಗೆ ಭಾರ. ಕೆಲಸ ಒಂದೇ, ಪೆಟ್ಟು ಬಿದ್ದ ಜಾಗ ಮಾತ್ರ ಎರಡು. ಇದಲ್ಲದೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಮತ್ತು ಸಂಧಿವಾತದಿಂದಲೂ ಈ ನರ ಸಿಕ್ಕಿಕೊಳ್ಳುತ್ತದೆಯಾದ್ದರಿಂದ ಮೊದಲ ಎರಡರ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಿ.

ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್ ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತದೆ. ಆರು ವಾರ ಪ್ರತಿ ರಾತ್ರಿ ಕಟ್ಟಿಕೊಂಡು ಮಲಗಿ. ಅದರಿಂದ ಹಿತವಾಗದಿದ್ದರೆ ನರದ ವೇಗ ಅಳೆಯುವ ಪರೀಕ್ಷೆ, ಮಣಿಕಟ್ಟಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಕೊನೆಗೆ ಆ ಪಟ್ಟಿಯನ್ನು ಬಿಡಿಸುವ ಚಿಕ್ಕ ಶಸ್ತ್ರಚಿಕಿತ್ಸೆಯ ದಾರಿಗಳಿವೆ. ನಿಮಗೆ ಹಿಡಿತ ಈಗಾಗಲೇ ಸೋತಿರುವುದರಿಂದ ಆರು ವಾರ ಕಾಯುತ್ತ ಕೂರದೆ ವೈದ್ಯರನ್ನು ಈಗಲೇ ಕಾಣಿರಿ. ಹೆಬ್ಬೆರಳಿನ ಬುಡದ ಮಾಂಸ ಎಡಗೈಗಿಂತ ಬತ್ತಿದ್ದರೆ ವಿಳಂಬ ಸಲ್ಲದು. ಜೊತೆಗೆ ನಡಿಗೆ ತಡವರಿಸುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಅದು ಬೆನ್ನುಹುರಿಯೇ ಒತ್ತಡಕ್ಕೆ ಸಿಕ್ಕಿರಬಹುದಾದ ಸೂಚನೆ, ಅಂದೇ ಆಸ್ಪತ್ರೆಗೆ ಹೋಗಬೇಕು. ವೈದ್ಯರನ್ನು ಕಾಣಲು ಹೋಗುವಾಗ ಕಾಗದದ ಮೇಲೆ ನಿಮ್ಮ ಬಲ ಅಂಗೈಯನ್ನಿಟ್ಟು ಸುತ್ತಲೂ ಗೆರೆ ಎಳೆದು, ಜೋಮು ಹಿಡಿಯುವ ಬೆರಳುಗಳಿಗೆ ಪೆನ್ಸಿಲ್‌ನಿಂದ ಬಣ್ಣ ತುಂಬಿ ಒಯ್ಯಿರಿ. ಹಳೆಯ ಎಂಆರ್‌ಐಗಿಂತ ಆ ಹಾಳೆ ವೈದ್ಯರಿಗೆ ಹೆಚ್ಚು ಹೇಳುತ್ತದೆ.