ಕರೆಂಟ್ ಎಲ್ಲಿಂದ ಬಂದರೂ ಜೂನ್‌ನಲ್ಲಿ ಹೋಗುತ್ತದೆ

ನಿಂತುಹೋದ ಅಣುಸ್ಥಾವರ ಮತ್ತೆ ಶುರು ಮಾಡಬೇಕಾ, ಕೈಗಾ ಅಣುಸ್ಥಾವರದ ಪಕ್ಕದವರು ನೀವು, ಏನಂತೀರಿ ಅಂತ ಕೇಳಿದ್ದೀರಿ. ಕೈಗಾ ನಮ್ಮ ಪಕ್ಕದಲ್ಲಿಲ್ಲ ಮಾರಾಯ್ರೆ. ಅದಿರುವುದು ಕಾರವಾರದ ಕಡೆ, ನಾನಿರುವುದು ಮಂಗಳೂರು ದಾಟಿ ತಲಪಾಡಿಯಲ್ಲಿ. ಬೆಂಗಳೂರಿನವರಿಗೆ ಕರಾವಳಿ ಎಲ್ಲ ಒಂದೇ ಊರು, ಇರಲಿ.

ನನ್ನ ಮನೆಗೆ ಮೆಸ್ಕಾಂ ಕರೆಂಟ್. ಗಡಿಯಾಚೆ ಮಂಜೇಶ್ವರದಲ್ಲಿ ಅಕ್ಕನ ಮನೆ, ಅಲ್ಲಿ ಕೇರಳದ ಮಂಡಳಿಯದ್ದು. ನನಗೆ ತಿಂಗಳಿಗೊಂದು ಬಿಲ್, ಅವಳಿಗೆ ಎರಡು ತಿಂಗಳಿಗೊಂದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನನ್ನ ಬಿಲ್ಲಿನಲ್ಲಿ ಸೊನ್ನೆ. ಅವಳಿಗೆ ಆ ಭಾಗ್ಯ ಇಲ್ಲ, ಹಾಗಾಗಿ ಹಬ್ಬಕ್ಕೆ ಬಂದಾಗೆಲ್ಲ ನಮ್ಮ ಫ್ಯಾನನ್ನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ನೋಡುತ್ತಾಳೆ. ಆದರೆ ಕೈಗಾದ ನಾಲ್ಕು ಘಟಕಗಳ 880 ಮೆಗಾವ್ಯಾಟ್‌ನಲ್ಲಿ ಕೇರಳಕ್ಕೂ ಪಾಲುಂಟು. ಎರಡು ಮನೆಯ ಫ್ಯಾನೂ ಅದೇ ಕರೆಂಟಲ್ಲಿ ತಿರುಗುತ್ತಿರಬಹುದು, ಅಲ್ವಾ?

ನೀವು ಜಪಾನಿನ ಕಾಶಿವಾಜಾಕಿ-ಕಾರಿವಾ ವಿಷಯ ಎತ್ತಿದ್ದೀರಿ. ಏಳು ರಿಯಾಕ್ಟರ್, 8,212 ಮೆಗಾವ್ಯಾಟ್, 2011ರ ಫುಕುಶಿಮಾ ದುರಂತದ ನಂತರ ವರ್ಷಗಟ್ಟಲೆ ನಿಂತಿದ್ದ ಸ್ಥಾವರ. ಅದು ಇರುವುದು ನೀಗಾಟಾದಲ್ಲಿ, ನಡೆಸುವುದು ಟೋಕಿಯೋದ ಕಂಪನಿ, ಕರೆಂಟೂ ಟೋಕಿಯೋ ಕಡೆಗೇ. ಭಯ ನಮಗೆ, ಬೆಳಕು ಅವರಿಗಾ ಅಂತ ಅಲ್ಲಿನವರು ಕೇಳಿದರೆ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪಡುಬಿದ್ರಿ ಹತ್ತಿರ ಎಲ್ಲೂರಿನಲ್ಲಿ 1,200 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಉಂಟು, ಹೊರದೇಶದ ಕಲ್ಲಿದ್ದಲು ಹಡಗಲ್ಲಿ ಬರುತ್ತದೆ, ಕರೆಂಟು ದೊಡ್ಡ ಲೈನಲ್ಲಿ ಘಟ್ಟ ಹತ್ತಿ ಹಾಸನಕ್ಕೆ ಹೋಗುತ್ತದೆ. ಉಡುಪಿಯಿಂದ ಕಾಸರಗೋಡಿಗೆ 400 ಕೆವಿ ಲೈನ್ ಅಂದಾಗ ನಮ್ಮ ಕಡೆಯ ಅಡಿಕೆ ತೋಟದವರು ಸುಮ್ನೆ ಬೀದಿಗಿಳಿದದ್ದಲ್ಲ. ಆ ತಂತಿಯ ಕೆಳಗೆ ಅಡಿಕೆ, ತೆಂಗು ಬೆಳೆಸಲಿಕ್ಕಾಗುವುದಿಲ್ಲ. ಪರಿಹಾರ ಒಮ್ಮೆ ಸಿಗಬಹುದು, ತೋಟ ಮೂರು ತಲೆಮಾರಿನದ್ದು.

ಹಾಗಂತ ನಾನು ವಿರೋಧಿ ಅಲ್ಲ. ನಮ್ಮ ಕೋಟದ ಶಿವರಾಮ ಕಾರಂತರು ಕೈಗಾ ಬೇಡ ಅಂತ 1989ರಲ್ಲಿ ಲೋಕಸಭೆಗೇ ನಿಂತು ಸೋತರು, ಸ್ಥಾವರ 2000ದಲ್ಲಿ ಶುರುವಾಯಿತು, ಅದರ ಒಂದನೇ ಘಟಕ ಮುಂದೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ದಾಖಲೆ ಮಾಡಿತು. ಆ ಕರೆಂಟಲ್ಲಿ ನಾನೂ ಮಿಕ್ಸಿ ತಿರುಗಿಸಿದ್ದೇನೆ, ಈಗ ಸಾಚಾ ಆಗಲಿಕ್ಕೆ ಬರುವುದಿಲ್ಲ.

ನಿಲ್ಲಿಸಿಟ್ಟರೆ ಅಪಾಯ ಮುಗಿಯಿತು ಅನ್ನುವುದೂ ತಪ್ಪು. ಅಣುಸ್ಥಾವರ ಬೀಗ ಹಾಕಿ ಹೋಗುವ ಮನೆ ಅಲ್ಲ. ಉರಿದು ಮುಗಿದ ಇಂಧನಕ್ಕೆ ವರ್ಷಗಟ್ಟಲೆ ನೀರು ಬೇಕು, ನೀರು ತಂಪಾಗಿರಲು ಪಂಪು ಓಡಬೇಕು, ಪಂಪಿಗೆ ಕರೆಂಟು ಬೇಕು. ಫುಕುಶಿಮಾದ ನಾಲ್ಕನೇ ಘಟಕ ಭೂಕಂಪದ ದಿನ ಬಂದಾಗಿಯೇ ಇತ್ತು, ಆದರೂ ಅದರ ಇಂಧನದ ಕೊಳದ್ದೇ ದೊಡ್ಡ ತಲೆಬಿಸಿಯಾಯಿತು.

ನನಗೆ ಜಾಸ್ತಿ ಅನುಮಾನ ಬೇರೆ ಕಡೆ. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರ ನೋಡಿ. 1979ರಲ್ಲಿ ಅವಘಡ ಆದದ್ದು ಎರಡನೇ ಘಟಕದಲ್ಲಿ. ಒಂದನೆಯದ್ದನ್ನು 2019ರಲ್ಲಿ ನಿಲ್ಲಿಸಿದ್ದು ನಷ್ಟ ಅಂತ. 2024ರಲ್ಲಿ ಮೈಕ್ರೋಸಾಫ್ಟ್ 20 ವರ್ಷಕ್ಕೆ ಅದರ ಕರೆಂಟ್ ಕೊಳ್ಳುತ್ತೇನೆ ಅಂದಿತು, ಮತ್ತೆ ಶುರು ಮಾಡುವ ತಯಾರಿಗೆ ಕೈಹಾಕಿದರು. ಮನೆಮಂದಿಗೆ ಬೇಕು ಅಂತ ಯಾರೂ ಉಳಿಸಿರಲಿಲ್ಲ. ದೊಡ್ಡ ಗಿರಾಕಿ ಬಂದ, ಬಾಗಿಲು ತೆರೆಯಿತು. ಹಾಗಾಗಿ ಎಲ್ಲಿ ಶುರು ಮಾಡಿದರೂ ನಾನು ಮೊದಲು ಕೇಳುವುದು, ಆ ಕರೆಂಟು ಯಾರಿಗೆ, ರಿಪೇರಿಯ ಖರ್ಚು ಯಾರ ಬಿಲ್ಲಿಗೆ?

ಹೇಳಿದರೆ ನಗ್ತೀರಿ, ಇದನ್ನು ಬರೆಯುತ್ತಿರುವುದು ಮೊಬೈಲಿನ 14 ಪರ್ಸೆಂಟ್ ಚಾರ್ಜಿನಲ್ಲಿ. ನಿನ್ನೆ ರಾತ್ರಿಯ ಗಾಳಿಗೆ ಹಲಸಿನ ಗೆಲ್ಲು ತಂತಿ ಮೇಲೆ ಬಿತ್ತು. ಲೈನ್‌ಮ್ಯಾನ್ ರೈನ್‌ಕೋಟ್ ಹಾಕಿಕೊಂಡು ಕಂಬದ ಮೇಲಿದ್ದಾನೆ, ಕೆಳಗೆ ನಮ್ಮ ಭಾವ ಟಾರ್ಚ್ ಹಿಡಿದು ನಿಂತಿದ್ದಾರೆ, ಅಮ್ಮ ಇಬ್ಬರಿಗೂ ಚಾ ಇಟ್ಟಿದ್ದಾಳೆ.